ಬಿಡುವ ಬಲ

ತಾಳಿಕೋಟಿ ಬಜಾರದ ಹಿಂದೆ, ಗಾಣದ ಓಣಿಯ ತಿರುವಿನಲ್ಲಿ
ನಮ್ಮಪ್ಪ ರಾಜೇಸಾಬನ ಅಂಗಡಿ.
ಹುಣಸೆಯ ಕೊರಡು, ಮೂರು ಕತ್ತಿ, ನಡು ಸವೆದ ಮಸೆಗಲ್ಲು.
ಆದಿತ್ಯವಾರ ಆರಕ್ಕೇ ಪಾಳಿ.

ನಾನು ಕಲಿತದ್ದು ಆ ಕೊರಡಿನೆದುರು ಕೂತು.
"ಎಳಿ ನೋಡು ಬೇಟಾ, ಯಾವ ಕಡೆ ಹೊಂಟೈತಿ?
ಎಳಿ ಹಿಡದು ಕೊಯ್ದರ ಹಗ್ಗ ಅಗದಂಗ.
ಅಡ್ಡ ಕೊಯ್ದರ
ಹಲ್ಲಿಲ್ಲದ ಮುದುಕಗೂ ಬೆಣ್ಣಿ."

ಬೆಳಗಾವಿಯ ಕಾಲೇಜಿನಲ್ಲಿ, ಕಣ್ಣುರಿಸುವ ಫಾರ್ಮಾಲಿನ್ನಿನಲ್ಲಿ,
ಹೆಸರು ಹೇಳದೆ ಮಲಗಿದ್ದ ಒಬ್ಬರ ಮೀನಖಂಡ ತೆರೆದಿಟ್ಟು
ಮೇಡಂ ಕೇಳಿದರು, ಎಳೆಗಳ ದಿಕ್ಕು ಯಾವುದು?
ಎಲ್ಲರೂ ಪುಸ್ತಕ ತಿರುವುತ್ತಿದ್ದರು.
ನನ್ನ ಹೆಬ್ಬೆರಳು ತಾನೇ ಹೋಗಿ ಅಲ್ಲಿ ನಿಂತಿತು.
ಬೇವಿನ ಗರಿಯ ಹಾಗೆ, ಅಂದೆ.
ನಡುವೆ ಕಡ್ಡಿ, ಅತ್ತಿತ್ತ ಓರೆಯಾಗಿ ಎಲೆ.
ಓರೆಯಾದ್ದರಿಂದಲೇ ಇಷ್ಟು ಜಾಗದಲ್ಲಿ ಅಷ್ಟೊಂದು ಎಳೆ,
ಅಷ್ಟು ಎಳೆಗೆ ಅಷ್ಟು ಬಲ.
ಸರಿಯುವುದು ಮಾತ್ರ ಬೆರಳೆರಡು.

ತೊಡೆಯ ಮೇಲೆ ಇನ್ನೊಂದಿತ್ತು,
ಸೊಂಟದಿಂದ ಮೊಣಕಾಲ ಒಳಮಗ್ಗುಲಿಗೆ ಸುತ್ತಿ ಇಳಿದ ಉದ್ದ ಪಟ್ಟಿ.
ಭಾರ ಹೊರದು, ದೂರ ಸರಿಯುತ್ತದೆ.
ಅದಕ್ಕೆ ದರ್ಜಿಯ ಹೆಸರಂತೆ,
ಮಶೀನು ಬರುವ ಮೊದಲಿನ, ಚಕ್ಕಳಮಕ್ಕಳ ಕೂತ ದರ್ಜಿಯ ಹೆಸರು.
ನನಗೆ ಕಂಡವಳು ಇಮಾಂಬು ಚಿಗವ್ವ.
ಈಗಲೂ ಹಾಗೇ ಕೂತು ಕೌದಿ ಹೊಲಿಯುತ್ತಾಳೆ,
ಏಳುವಾಗ ನೆಲಕ್ಕೆ ಬೈಯುತ್ತಾಳೆ.

ರಜೆಗೆ ಬಂದಾಗ ಒಂದು ಮಧ್ಯಾಹ್ನ, ಕೊರಡು ತೊಳೆದ ಮೇಲೆ
ಎರಡೂ ಕೈಯ ಬೆರಳು ಎದುರುಬದುರು ಹಿಡಿದು ತೋರಿಸಿದೆ.
"ಅಪ್ಪಾ, ಒಳಗ ಯಾವ ಎಳಿನೂ ಗಿಡ್ಡ ಆಗೂದಿಲ್ಲ.
ದಪ್ಪಂದು ಇದ್ದಷ್ಟ ಇರತೈತಿ, ಸಣ್ಣದೂ ಇದ್ದಷ್ಟ.
ಒಂದರ ಸಂದಿಗೆ ಇನ್ನೊಂದು ಸರೀತೈತಿ, ಹಿಂಗ.
ದಪ್ಪ ಎಳಿಗೆ ಪುಟಾಣಿ ಕೈ ಅದಾವು, ಲೆಕ್ಕ ಇಲ್ಲದಷ್ಟು.
ಹಿಡೀತಾವು, ಜಗ್ಗತಾವು, ಬಿಡತಾವು, ಮುಂದ ಹಿಡೀತಾವು,
ಬಾವ್ಯಾಗಿಂದ ಕೊಡ ಸೇದಿದಂಗ.
ಭಾಳ ದೂರ ಎಳದಿ ಅಂದ್ರ ಕೈಗೆ ಕೈ ಸಿಗೂದಿಲ್ಲ.
ಭಾಳ ಒತ್ತಿದಿ ಅಂದ್ರ ಸರಿಯಾಕ ಜಾಗ ಇಲ್ಲ."

ಅಪ್ಪ ಎಲೆ ಅಗಿಯುತ್ತ ಕೇಳಿದ. ಉಗುಳಿ ಬಂದ.
"ಹಂಗಾರ ಒಂದು ಹೇಳು.
ಕೊಯ್ದಾಗ ಮೆತ್ತಗ ಇದ್ದ ತೊಡಿ
ನಾಕೈದು ತಾಸಿಗೆ ಕಟ್ಟಿಗಿ ಯಾಕ?
ಜೀವ ಹೋತು ಅಂದ್ರ ಸಡ್ಲ ಬೀಳಬೇಕಲ್ಲ?"

ಯಾವ ಪರೀಕ್ಷೆಯಲ್ಲೂ ಯಾರೂ ನನ್ನನ್ನು ಹೀಗೆ ಕೇಳಿರಲಿಲ್ಲ.
ಉತ್ತರ ಓದಿದ್ದೆ. ಹೇಳುವಾಗಲೇ ಅರ್ಥವಾದದ್ದು.
"ಬಿಡಾಕೂ ಕೂಳು ಬೇಕಪ್ಪಾ ಆ ಕೈಗೆ.
ಉಸಿರು ನಿಂತ ಮ್ಯಾಲ ಒಳಗಿನ ಕೂಳು ತೀರತೈತಿ.
ಆಮ್ಯಾಲ ಹಿಡದದ್ದು ಹಿಡದಂಗ.
ಬಲ ಹೆಚ್ಚಾಗಿ ಅಲ್ಲ ಸೆಟದದ್ದು,
ಬಿಡೂವಷ್ಟು ಬಲ ಉಳಿದಿಲ್ಲ."

ಅಪ್ಪ ಮಾತಾಡಲಿಲ್ಲ.
ಓಣಿಯ ಗಂಡಸರ ಮಯ್ಯತ್ ತೊಳೆಯುವವನೂ ಅವನೇ.
"ಹಮಾಲ ಖಾಸೀಮಂದು..." ಅಂದ, ಬಹಳ ಹೊತ್ತಿನ ಮೇಲೆ.
"ಬಲಗೈ ಮುಷ್ಟಿ.
ಬೆಚ್ಚನ್ನ ನೀರು ಹಾಕಿ ಹಾಕಿ ಬಿಚ್ಚಿದ್ನಿ.
ಮಂದಿ ಅಂದ್ರು, ಏನೋ ಬಿಡಾಕ ಒಲ್ಲ ಅಂವ,
ಅಡತಿ ಸಾವಕಾರ ಉಳಿಸಿಕೊಂಡ ಕೂಲಿ ಇರಬೇಕು.
ನಾನೂ ಹಂಗ ಅಂದ್ಕೊಂಡಿದ್ನಿ."
"ಒಲ್ಲ ಅಂತಲ್ಲಪ್ಪಾ. ಆಗೂದಿಲ್ಲ."

ಮೂವತ್ತೆಂಟು ವರ್ಷ ಕತ್ತಿ ಹಿಡಿದ ಕೈ ಅವನದು.
ಸಂಜೆಗೆ ಉಂಗುರದ ಬೆರಳು ಮಡಚಿದಲ್ಲೇ ಕೂರುತ್ತದೆ.
ತಪೇಲಿಯಲ್ಲಿ ನೀರು ಕಾಸಿ, ಕೈ ಅದ್ದಿ
ಮೆಲ್ಲಗೆ ನೀವಿದೆ. ಟಕ್ಕೆಂದು ಬಿಚ್ಚಿತು.
ಅವನು ನಕ್ಕ, ನೋವಿಗೋ ಸದ್ದಿಗೋ.

ಆಮೇಲೆ ಒದ್ದೆ ಕೈ ಅಂಗಿಗೆ ಒರೆಸುತ್ತ ಚಪ್ಪಲಿ ಹುಡುಕಿದ.
ಎಲ್ಲಿಗೆ, ಅಂದೆ.
"ಖಾಸೀಮನ ಹೇಂತಿ ಕಡೆ.
ವರ್ಷಾತು, ಸಿಕ್ಕಾಗೊಮ್ಮೆ ಕೇಳತಾಳ,
ಮುಷ್ಟಿಯೊಳಗ ಏನಿತ್ತು ಅಂತ."